ಪಾರ್ಕ್ ಪಕ್ಕದಲ್ಲೇ ಇದೆ, ಮಗಳು ಮಾತ್ರ ಹೊರಗೆ ಹೋಗುವುದಿಲ್ಲ

ಪ್ರಶ್ನೆ: ನನ್ನ ಮಗನಿಗೆ 16 ವರ್ಷ, ಮಗಳಿಗೆ 14. ಮನೆಯಿಂದ ಐದು ನಿಮಿಷ ನಡೆದರೆ ಪಾರ್ಕ್ ಸಿಗುತ್ತದೆ. ಮಗ ವಾರಕ್ಕೆ ಒಂದೆರಡು ಸಲ ಅಲ್ಲಿ ಆಡುತ್ತಾನೆ. ಮಗಳು ಎರಡು ವರ್ಷದಿಂದ ಆ ಕಡೆ ತಲೆಯನ್ನೇ ಹಾಕಿಲ್ಲ. ಶಾಲೆಗೆ ಇಬ್ಬರೂ ಗಾಡಿಯಲ್ಲೇ ಹೋಗಿ ಬರುತ್ತಾರೆ. ಈಗ ಮನೆ ಬದಲಾಯಿಸುವ ಯೋಚನೆಯಲ್ಲಿದ್ದೇವೆ. ಒಂದು ಮನೆ ಊರಾಚೆಯ ಹೊಸ ಬಡಾವಣೆಯಲ್ಲಿದೆ. ಅಲ್ಲಿ ತುಂಬಾ ಹಸಿರು, ಗದ್ದಲವೇ ಇಲ್ಲ. ಇನ್ನೊಂದು ಮನೆ ಅಂಗಡಿ ಮುಂಗಟ್ಟು, ಜನಸಂಚಾರ ಜಾಸ್ತಿ ಇರುವ ಹಳೆಯ ಬೀದಿಯಲ್ಲಿದೆ. ಮಕ್ಕಳು ಚೆನ್ನಾಗಿ ಓಡಾಡಿಕೊಂಡಿರಬೇಕು ಅಂದರೆ ಯಾವುದು ಮೇಲು? ಅಥವಾ ಸುತ್ತಮುತ್ತಲಿನ ಜಾಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಇದು ಬರೀ ಸೋಮಾರಿತನವಾ?

ಉತ್ತರ: ಸೋಮಾರಿತನ ಅನ್ನುವ ಮಾತನ್ನು ಮೊದಲು ಪಕ್ಕಕ್ಕಿಡೋಣ. 11ರಿಂದ 17 ವರ್ಷದ ಮಕ್ಕಳ ಬಗ್ಗೆ 146 ದೇಶಗಳಲ್ಲಿ ನಡೆದ ಸಮೀಕ್ಷೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು ಒಟ್ಟು ಹಾಕಿ 2019ರಲ್ಲಿ ಪ್ರಕಟಿಸಿದರು. ಸುಮಾರು 16 ಲಕ್ಷ ವಿದ್ಯಾರ್ಥಿಗಳ ಲೆಕ್ಕ ಅದು. 2016ರಲ್ಲಿ ಈ ವಯಸ್ಸಿನವರಲ್ಲಿ ನೂರಕ್ಕೆ 81 ಮಂದಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಹುಡುಗರಲ್ಲಿ ಶೇ 77.6, ಹುಡುಗಿಯರಲ್ಲಿ ಶೇ 84.7. ಬೇಕಾದಷ್ಟು ಅಂದರೆ ದಿನಕ್ಕೆ ಸರಾಸರಿ 60 ನಿಮಿಷ, ಉಸಿರು ಸ್ವಲ್ಪ ಜೋರಾಗುವಷ್ಟು ಮೈ ಆಡಿಸುವುದು. ಐದರಲ್ಲಿ ನಾಲ್ಕು ಮಕ್ಕಳಿಗೆ ಇದು ಆಗುತ್ತಿಲ್ಲ ಅಂದ ಮೇಲೆ, ತಪ್ಪು ಒಂದೊಂದು ಮಗುವಿನದು ಅಂತ ಹೇಳೋದು ಕಷ್ಟ, ಅಲ್ವಾ? ಅವರು ಬದುಕುವ ಜಾಗ ಹೇಗಿದೆ, ದಿನ ಹೇಗೆ ಕಳೆಯುತ್ತದೆ ಅಂತ ನೋಡಬೇಕು.

ಉತ್ತರದ ಒಂದು ತುಣುಕು ನಿಮ್ಮ ಪ್ರಶ್ನೆಯಲ್ಲೇ ಇದೆ. ಪಾರ್ಕ್ ಇದೆ, ಮಗಳು ಹೋಗುತ್ತಿಲ್ಲ. ದೊಡ್ಡವರು ಪಾರ್ಕಿಗೆ ವ್ಯಾಯಾಮಕ್ಕೆ ಅಂತ ಹೋಗುತ್ತಾರೆ. ಪುಟ್ಟ ಮಕ್ಕಳು ಆಡೋಕೆ ಹೋಗುತ್ತವೆ. ಹದಿಹರೆಯದವರು ಹೊರಡುವುದು ಬೇರೆ ಕಾರಣಕ್ಕೆ. ಅವರಿಗೆ ಗೆಳೆಯರನ್ನು ಕಾಣಬೇಕು, ಎಲ್ಲಿಗಾದರೂ ಹೋಗಬೇಕು, ಸ್ವಲ್ಪ ಹೊತ್ತು ಮನೆಯವರ ಕಣ್ಣಿಂದ ದೂರ ಇರಬೇಕು. ನಡಿಗೆ, ಸೈಕಲ್, ಆಟ ಎಲ್ಲ ಅದರ ಜೊತೆಗೆ ತಾನಾಗಿ ಬರುತ್ತದೆ. ಹಾಗಾಗಿ ಒಂದು ಬಡಾವಣೆ ಈ ವಯಸ್ಸಿನವರಿಗೆ ಹೊಂದುತ್ತದಾ ಅಂತ ತಿಳಿಯೋಕೆ ನಾನು ಮೊದಲು ಕೇಳುವ ಪ್ರಶ್ನೆ ಇದು: 14 ವರ್ಷದ ಹುಡುಗಿ, ದೊಡ್ಡವರ ಗಾಡಿಗೆ ಕಾಯದೆ, ತನಗೆ ಹೋಗಬೇಕು ಅನ್ನಿಸುವ ಎಷ್ಟು ಕಡೆಗೆ ನಡೆದುಕೊಂಡೇ ಹೋಗಿ ಬರಬಹುದು?

ಇದು ಬರೀ ನನ್ನ ಅನಿಸಿಕೆ ಅಲ್ಲ. 2011ರಲ್ಲಿ ಡಿಂಗ್ ಡಿಂಗ್, ಜೇಮ್ಸ್ ಸಾಲಿಸ್ ಮತ್ತು ಜೊತೆಗಾರರು ಈ ವಿಷಯದ ಮೇಲೆ ಅಲ್ಲಿಯವರೆಗೆ ಬಂದಿದ್ದ 103 ಸಂಶೋಧನಾ ಲೇಖನಗಳನ್ನು ಸೋಸಿ ನೋಡಿದರು. ಚಿಕ್ಕ ಮಕ್ಕಳ ವಿಷಯದಲ್ಲಿ ಉದ್ದ ಪಟ್ಟಿಯೇ ಸಿಕ್ಕಿತು: ಆಟದ ಜಾಗ ಹತ್ತಿರ ಇರುವುದು, ವಾಹನಗಳ ವೇಗ ಮತ್ತು ಸಂಖ್ಯೆ ಕಡಿಮೆ ಇರುವುದು, ನಡೆಯಲು ಅನುಕೂಲ, ಹೀಗೆ. ಹದಿಹರೆಯದವರ ವಿಷಯದಲ್ಲಿ ಗಟ್ಟಿಯಾಗಿ ನಿಂತದ್ದು ಎರಡೇ. ಒಂದು, ಮನೆ, ಅಂಗಡಿ, ಶಾಲೆ, ಲೈಬ್ರರಿ, ಬಸ್ ಸ್ಟಾಪ್ ಎಲ್ಲ ಬೆರೆತಿರುವ ಪ್ರದೇಶ. ಎರಡು, ಮನೆಗಳು ಒತ್ತೊತ್ತಾಗಿ ಇರುವುದು. ಕಾರಣ ಸರಳ. ಎಲ್ಲ ಬೆರೆತಿದ್ದರೆ ಹೋಗಲು ಜಾಗ ಇರುತ್ತದೆ. ಮನೆಗಳು ಒತ್ತಾಗಿದ್ದರೆ ಗೆಳತಿಯ ಮನೆ ನಡೆಯುವ ದೂರದಲ್ಲಿ ಸಿಗುವ ಸಾಧ್ಯತೆ ಜಾಸ್ತಿ.

ಮೇಲ್ನೋಟಕ್ಕೆ ನಿಮ್ಮ ಎರಡು ಮನೆಗಳಲ್ಲಿ ಹಸಿರು ಬಡಾವಣೆಯೇ ಗೆಲ್ಲಬೇಕು ಅನ್ನಿಸುತ್ತದೆ. ಎಲ್ಲ ತಂದೆ ತಾಯಿಗೂ ಹಾಗೇ ಅನ್ನಿಸುತ್ತದೆ. ಆದರೆ ಅಂಥ ಎಷ್ಟೋ ಬಡಾವಣೆಗಳಲ್ಲಿ ಒಳಗೆ ನಡೆಯಲು ಚೆಂದದ ರಸ್ತೆ ಇರುತ್ತದೆ, ಹೊರಗೆ ಹೋಗಲು ಒಂದೇ ಗೇಟು. ಆ ಗೇಟಿನಾಚೆ ವೇಗದ ರಸ್ತೆ. ಗೆಳತಿ, ಲೈಬ್ರರಿ, ಶಾಲೆ, ಆಟದ ಮೈದಾನ ಎಲ್ಲವೂ ಆ ರಸ್ತೆಯ ಆಚೆ ಮೂರೋ ನಾಲ್ಕೋ ಕಿಲೋಮೀಟರ್ ದೂರ. ಅಂದರೆ ಎಲ್ಲಿಗೆ ಹೋಗಬೇಕಾದರೂ ಅಪ್ಪನೋ ಅಮ್ಮನೋ ಗಾಡಿ ತೆಗೆಯಬೇಕು. ಎಂಟು ವರ್ಷದ ಮಗುವಿಗೆ ಅದು ಸ್ವರ್ಗ. ಹದಿನಾಲ್ಕಕ್ಕೆ ಅದು ಕಾಯುವ ಕೋಣೆ.

ದೂರದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮನೆ ಹುಡುಕುವಾಗ ನಿಮ್ಮ ಕೈಯಲ್ಲಿರುವುದು ಇದೇ. ಬೆಲ್ಜಿಯಂನಲ್ಲಿ 17–18 ವರ್ಷದವರು ಶಾಲೆಗೆ ಹೇಗೆ ಹೋಗುತ್ತಾರೆ ಅಂತ ನೋಡಿದ ಒಂದು ಅಧ್ಯಯನ 2010ರಲ್ಲಿ ಬಂತು. ನಡೆಯಲು ಒಪ್ಪುವ ದೂರ ಸುಮಾರು 2 ಕಿಲೋಮೀಟರ್, ಸೈಕಲ್ಲಿಗೆ ಸುಮಾರು 8 ಅಂತ ಅವರು ಗುರುತಿಸಿದರು. ಬೆಲ್ಜಿಯಂನಲ್ಲಿ ಸೈಕಲ್ ದಾರಿಗಳು ಚೆನ್ನಾಗಿವೆ, ಹಾಗಾಗಿ 8 ಅನ್ನುವುದನ್ನು ಎಲ್ಲ ಕಡೆಗೂ ಹೊಂದಿಸಲು ಆಗದು. 2 ಕಿಲೋಮೀಟರ್ ನಡಿಗೆ ಮಾತ್ರ ಎಲ್ಲಿಯಾದರೂ ಒಪ್ಪುವ ಮಾತು. ಶಾಲೆ ಒಂದೂವರೆ ಕಿಲೋಮೀಟರ್ ದೂರ ಇದ್ದರೆ ಹದಿಹರೆಯದವರ ನಡಿಗೆಗೆ ಸುಮಾರು 20 ನಿಮಿಷ. ಹೋಗಿ ಬರಲು 40. ದಿನದ 60 ನಿಮಿಷದಲ್ಲಿ ಮೂರರಲ್ಲಿ ಎರಡು ಭಾಗ ಅಲ್ಲೇ ಮುಗಿಯಿತು. ಯಾರೂ ವ್ಯಾಯಾಮ ಮಾಡು ಅಂತ ಬೆನ್ನು ಹತ್ತಬೇಕಾಗಿಲ್ಲ, ಬೇರೆ ಬಟ್ಟೆ ಹಾಕಬೇಕಾಗಿಲ್ಲ, ಫೀಸು ಕಟ್ಟಬೇಕಾಗಿಲ್ಲ. ನನ್ನ ಮಟ್ಟಿಗೆ ಇದು ಯಾವ ಪಾರ್ಕಿಗಿಂತ ದೊಡ್ಡ ಲಾಭ.

ಆದರೆ ದೂರ ಕಡಿಮೆ ಇದ್ದರೂ ಮಕ್ಕಳು ನಡೆಯದ ಊರುಗಳು ಬೇಕಾದಷ್ಟಿವೆ. ಅಲ್ಲಿ ತಡೆಯುವುದು ರಸ್ತೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ರಸ್ತೆ ನೋಡಿ ಹೆದರುವ ನಾವು. ಮೇಯರ್ ಹಿಲ್ಮನ್ ಮತ್ತು ಜೊತೆಗಾರರು ಇಂಗ್ಲೆಂಡಿನಲ್ಲಿ ಲೆಕ್ಕ ಹಾಕಿದಾಗ, 1971ರಲ್ಲಿ 7–8 ವರ್ಷದ ಮಕ್ಕಳಲ್ಲಿ ನೂರಕ್ಕೆ 80 ಮಂದಿ ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ಕ್ಕೆ ಅದು ನೂರಕ್ಕೆ 9ಕ್ಕೆ ಇಳಿದಿತ್ತು. ಇವರು ಹದಿಹರೆಯದವರಲ್ಲ ನಿಜ. ಆದರೆ ಏಳರಲ್ಲಿ ಒಬ್ಬರೇ ರಸ್ತೆ ದಾಟದ ಮಗುವಿಗೆ ಹದಿಮೂರರಲ್ಲಿ ದಿಢೀರ್ ಅಂತ ಧೈರ್ಯ ಬರುವುದಿಲ್ಲ. ನಮಗೂ ಬರುವುದಿಲ್ಲ. ಕರೆದುಕೊಂಡು ಹೋಗಿ ಬಿಡುವುದು ಅಭ್ಯಾಸವಾಗಿಬಿಡುತ್ತದೆ. ಹೀಗೆ ಬಿಡುವ ಗಾಡಿಗಳೇ ಶಾಲೆಯ ಮುಂದೆ ಸೇರಿ ನಡೆಯುವ ಮಕ್ಕಳಿಗೆ ಅಪಾಯವಾಗುತ್ತವೆ.

ರಸ್ತೆಯನ್ನು ನೋಡುವಾಗ ಜನ ಫುಟ್‌ಪಾತ್ ಇದೆಯಾ ಅಂತ ಮಾತ್ರ ನೋಡುತ್ತಾರೆ. ನಾನು ದಾಟುವ ಜಾಗ ನೋಡುತ್ತೇನೆ. ಮನೆಯಿಂದ ಶಾಲೆವರೆಗೆ ಒಂದು ಕಿಲೋಮೀಟರ್ ನೆರಳಿನ ಫುಟ್‌ಪಾತ್ ಇದ್ದು, ನಡುವೆ ಒಂದೇ ಒಂದು ಕೆಟ್ಟ ಕ್ರಾಸಿಂಗ್ ಇದ್ದರೆ ಆ ದಾರಿ ಮುಗಿಯಿತು. ಅಲ್ಲಿ ಹತ್ತು ನಿಮಿಷ ನಿಂತು ನೋಡಿ. ನಡೆಯುವವರ ಹಸಿರು ದೀಪ ಹತ್ತಿ ಆರುವುದರೊಳಗೆ ವಯಸ್ಸಾದವರೊಬ್ಬರು ಆಚೆ ಮುಟ್ಟುತ್ತಾರಾ? ರಸ್ತೆ ಮಧ್ಯದಲ್ಲಿ ನಿಲ್ಲಲು ಜಾಗ ಇದೆಯಾ? ತಿರುವಿನಲ್ಲಿ ಬರುವ ಗಾಡಿ ಜೀಬ್ರಾ ಪಟ್ಟೆಯ ಮೇಲೆ ಜನ ಇದ್ದಾಗ ನಿಲ್ಲುತ್ತದಾ, ಹಾರ್ನ್ ಹೊಡೆದು ನುಗ್ಗುತ್ತದಾ? ಮೂಲೆಯಲ್ಲಿ ನಿಲ್ಲಿಸಿದ ವಾಹನದಿಂದಾಗಿ ಬರುವ ಗಾಡಿ ಕಾಣದೆ, ಜನ ಒಂದು ಹೆಜ್ಜೆ ರಸ್ತೆಗಿಳಿದು ಕತ್ತು ಚಾಚಿ ನೋಡುತ್ತಿದ್ದಾರಾ? ಶಾಲೆ ಬಿಡುವ ಹೊತ್ತಿಗೆ ಅಲ್ಲಿ ಎಷ್ಟು ಮಕ್ಕಳು ಕೈ ಕೈ ಹಿಡಿದು ಓಡಿ ದಾಟುತ್ತಿದ್ದಾರೆ? ಓಡಿ ದಾಟಬೇಕಾದ ರಸ್ತೆಗೆ ಯಾವ ತಾಯಿಯೂ ಮಗಳನ್ನು ಒಬ್ಬಳನ್ನೇ ಕಳಿಸುವುದಿಲ್ಲ. ಕಳಿಸದಿರುವುದು ಸರಿಯೇ.

ವೇಗವೂ ಮುಖ್ಯ. ಗಂಟೆಗೆ 30 ಕಿಲೋಮೀಟರ್ ವೇಗದ ಗಾಡಿ ತಾಗಿದರೆ ನಡೆಯುವವರು ಬಹುತೇಕ ಬದುಕುತ್ತಾರೆ. 50ಕ್ಕೆ ಹೋದರೆ ಸಾವಿನ ಅಪಾಯ ಹಲವು ಪಟ್ಟು ಏರುತ್ತದೆ. ಲಂಡನ್‌ನಲ್ಲಿ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್ ಮಿತಿ ಹಾಕಿ, ಉಬ್ಬುಗಳನ್ನೆಲ್ಲ ಮಾಡಿ ವೇಗ ತಗ್ಗಿಸಿದ ಪ್ರದೇಶಗಳಲ್ಲಿ ರಸ್ತೆ ಅಪಘಾತದಲ್ಲಿ ಸತ್ತ, ಗಾಯಗೊಂಡವರ ಸಂಖ್ಯೆ ಶೇ 42ರಷ್ಟು ಇಳಿಯಿತು. ಇದು 2009ರಲ್ಲಿ ಪ್ರಕಟವಾದ, 20 ವರ್ಷದ ಅಂಕಿಅಂಶ ನೋಡಿ ಹಾಕಿದ ಲೆಕ್ಕ. ವಾಹನಗಳ ಸಂಖ್ಯೆಯ ಬಗ್ಗೆಯೂ ಒಂದು ಹಳೆಯ ಅಧ್ಯಯನ ಇದೆ. ನನಗೆ ಅದು ತುಂಬಾ ಇಷ್ಟ. ಡೊನಾಲ್ಡ್ ಆಪಲ್‌ಯಾರ್ಡ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1960ರ ದಶಕದ ಕೊನೆಗೆ ಒಂದೇ ಥರದ ಮೂರು ಬೀದಿಗಳನ್ನು ನೋಡಿದರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮತ್ತೊಂದರಲ್ಲಿ 16,000. ವಾಹನ ಕಡಿಮೆ ಇದ್ದ ಬೀದಿಯವರಿಗೆ ಅದೇ ಬೀದಿಯಲ್ಲಿ, ಗದ್ದಲದ ಬೀದಿಯವರಿಗಿಂತ ಮೂರು ಪಟ್ಟು ಗೆಳೆಯರಿದ್ದರು. ಹದಿಹರೆಯದವರು ಗೆಳೆಯರಿಗಾಗಿ ಹೊರಗೆ ಹೋಗುತ್ತಾರೆ ಅಂತ ಮೇಲೆ ಹೇಳಿದೆನಲ್ಲ, ರಸ್ತೆಯ ಎದುರು ಬದಿಯಲ್ಲಿ ಗೆಳೆಯರು ಹುಟ್ಟುವುದೇ ಇಲ್ಲ ಅಂದರೆ ಹೋಗುವುದು ಎಲ್ಲಿಗೆ?

ಇನ್ನು ನಿಮ್ಮ ಮಗಳು ಮತ್ತು ಆ ಪಾರ್ಕ್. ಪಾರ್ಕ್‌ನಿಂದ ಲಾಭವೇ ಇಲ್ಲ ಅಂತಲ್ಲ. ಅಮೆರಿಕದಲ್ಲಿ ಆರನೇ ತರಗತಿಯ ಸುಮಾರು 1,500 ಹುಡುಗಿಯರ ಸೊಂಟಕ್ಕೆ ಚಲನೆ ಅಳೆಯುವ ಸಣ್ಣ ಯಂತ್ರ ಕಟ್ಟಿ ಅಧ್ಯಯನ ಮಾಡಿದರು. 2006ರಲ್ಲಿ ಫಲಿತಾಂಶ ಬಂತು. ಮನೆಯ ಹತ್ತಿರ ಪಾರ್ಕ್‌ಗಳು ಜಾಸ್ತಿ ಇದ್ದಷ್ಟೂ ಶಾಲೆಯ ಹೊರಗಿನ ಚಟುವಟಿಕೆ ಜಾಸ್ತಿ ಇತ್ತು. ನಡೆಯಲು ದಾರಿ ಇರುವ, ದೀಪ ಇರುವ ಪಾರ್ಕ್‌ಗಳಿಗೆ ಈ ಸಂಬಂಧ ಇನ್ನೂ ಎದ್ದು ಕಂಡಿತು. ಹಾಗಾದರೆ ಪಾರ್ಕ್ ಒಳಗೆ ಏನಿದೆ ಅನ್ನುವುದೇ ಲೆಕ್ಕಕ್ಕೆ ಬರುತ್ತದೆ.

ಸಂಜೆ ಆರು ಗಂಟೆಗೆ ನಿಮ್ಮ ಪಾರ್ಕಿಗೆ ಹೋಗಿ ಸುಮ್ನೆ ಕೂತು ನೋಡಿ. ಬಹಳಷ್ಟು ಪಾರ್ಕ್‌ಗಳಲ್ಲಿ ಕಾಣುವುದು ಹೀಗೆ. ಮಧ್ಯದ ದೊಡ್ಡ ಜಾಗದಲ್ಲಿ ಒಂದು ಅಂಕಣ, ಸುತ್ತ ಎತ್ತರದ ತಂತಿ ಬೇಲಿ, ಒಂದೇ ಕಿರಿದಾದ ಬಾಗಿಲು. ಒಳಗೆ ಹತ್ತು ಹುಡುಗರು ಆಡುತ್ತಿದ್ದಾರೆ. ಬಾಗಿಲಲ್ಲಿ ಇನ್ನೂ ನಾಲ್ಕೈದು ಹುಡುಗರು ತಮ್ಮ ಸರದಿಗೆ ಕಾಯುತ್ತಾ ನಿಂತಿದ್ದಾರೆ. ಪುಟ್ಟ ಮಕ್ಕಳಿಗೆ ಜಾರುಬಂಡೆ, ಅದರ ಸುತ್ತ ಅಮ್ಮಂದಿರು. ವಯಸ್ಸಾದವರಿಗೆ ಬೆಂಚು. ಈಗ 14 ವರ್ಷದ ಹುಡುಗಿಯೊಬ್ಬಳು ಗೆಳತಿಯ ಜೊತೆ ಒಳಗೆ ಬಂದಳು ಅಂತಿಟ್ಟುಕೊಳ್ಳಿ. ಎಲ್ಲಿಗೆ ಹೋಗಬೇಕು? ಅಂಕಣದೊಳಗೆ ಹೋಗಬೇಕೆಂದರೆ ಬಾಗಿಲ ಬಳಿಯ ಹುಡುಗರ ನಡುವೆ ನುಸುಳಬೇಕು. ಜೋಕಾಲಿಯಲ್ಲಿ ಕೂತರೆ ಇಷ್ಟು ದೊಡ್ಡವಳಾಗಿ ಅಂತ ಯಾರಾದರೂ ಗದರಿಸುತ್ತಾರೆ. ಸುಮ್ಮನೆ ನಿಂತರೆ ಎಲ್ಲರೂ ನೋಡುತ್ತಾರೆ. ಯಾರೋ ಏನೋ ಅಂದರೆ ಮುಗಿಯಿತು, ಮತ್ತೆ ಬರುವುದಿಲ್ಲ. ಮನೆಗೆ ಹೋಗಿ ಕಾರಣವನ್ನೂ ಹೇಳುವುದಿಲ್ಲ. ಹೇಳಿದರೆ ನೀವು ಇನ್ನು ಹೋಗಲೇಬೇಡ ಅನ್ನುತ್ತೀರಿ ಅಂತ ಅವಳಿಗೆ ಗೊತ್ತು.

ವಿಯೆನ್ನಾ ನಗರ ಇದನ್ನು 1990ರ ದಶಕದಲ್ಲೇ ಗಮನಿಸಿತು. ಹತ್ತು ವರ್ಷದ ಆಸುಪಾಸಿನಲ್ಲಿ ಹುಡುಗಿಯರು ಪಾರ್ಕ್‌ಗಳಿಂದ ಕಾಣೆಯಾಗುತ್ತಿದ್ದರು, ಹುಡುಗರು ಉಳಿಯುತ್ತಿದ್ದರು. ಜಾಗಕ್ಕೆ ಪೈಪೋಟಿ ಬಿದ್ದಾಗ ಹುಡುಗಿಯರು ಬಿಟ್ಟುಕೊಟ್ಟು ಹೋಗುತ್ತಿದ್ದರು. 1999ರಲ್ಲಿ ಅಲ್ಲಿನ ಮಾರ್ಗರೆಟನ್ ಜಿಲ್ಲೆಯ ಎರಡು ಪಾರ್ಕ್‌ಗಳನ್ನು ಬದಲಾಯಿಸಿದರು. ದೊಡ್ಡ ಬಯಲನ್ನು ಗಿಡಗಳಿಂದ ಸಣ್ಣ ಸಣ್ಣ ಭಾಗ ಮಾಡಿದರು, ಕಾಲುದಾರಿ ಹಾಕಿದರು, ವಾಲಿಬಾಲ್, ಬ್ಯಾಡ್ಮಿಂಟನ್‌ಗೆ ಜಾಗ ಮಾಡಿದರು. ಹುಡುಗಿಯರು ವಾಪಸ್ ಬಂದರು. ಹುಡುಗರನ್ನು ಓಡಿಸಬೇಕಾಗಲಿಲ್ಲ. ಒಂದೇ ಗುಂಪು ಇಡೀ ಪಾರ್ಕನ್ನು ಹಿಡಿದುಕೊಳ್ಳಲು ಆಗದ ಹಾಗೆ ಜಾಗ ಹಂಚಿದರು, ಅಷ್ಟೇ.

ಹಾಗಾಗಿ ನಿಮ್ಮ ಮಗ ಹೋಗುತ್ತಾನೆ, ಮಗಳು ಹೋಗಲ್ಲ ಅನ್ನುವುದು ಅವರಿಬ್ಬರ ಸ್ವಭಾವದ ವ್ಯತ್ಯಾಸ ಅಂತ ನಾನು ನಂಬುವುದಿಲ್ಲ. ಇಬ್ಬರಿಗೂ ಸಿಕ್ಕಿರುವುದು ಬೇರೆ ಬೇರೆ ಪಾರ್ಕ್. 2017ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು 111 ದೇಶಗಳ ಏಳು ಲಕ್ಷಕ್ಕೂ ಹೆಚ್ಚು ಜನರ ಫೋನುಗಳಲ್ಲಿ ದಾಖಲಾದ ಹೆಜ್ಜೆಗಳನ್ನು ಲೆಕ್ಕ ಹಾಕಿದರು. ಅಮೆರಿಕದ ನಗರಗಳನ್ನು ಹೋಲಿಸಿದಾಗ, ನಡೆಯಲು ಅನುಕೂಲ ಇರುವ ನಗರಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಇರುವ ಅಂತರ ಕಡಿಮೆಯಾಗಿತ್ತು. ಜಾಗ ಸರಿಯಾದಾಗ ಹೆಚ್ಚು ಲಾಭ ಆಗುವುದು ಹಿಂದೆ ಬಿದ್ದವರಿಗೇ.

ಅಪರಾಧದ ಭಯದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಈ ಕುರಿತ ಅಧ್ಯಯನಗಳು ಒಂದೇ ದಿಕ್ಕಿನಲ್ಲಿ ಮಾತಾಡುವುದಿಲ್ಲ. ಪೊಲೀಸ್ ದಾಖಲೆ ಒಂದು ಹೇಳುತ್ತದೆ, ಮಕ್ಕಳ ಅನುಭವ ಇನ್ನೊಂದು, ತಂದೆ ತಾಯಿಯ ಭಯ ಮತ್ತೊಂದು. ಹೊರಗೆ ಹೋಗಬೇಕೋ ಬೇಡವೋ ಅಂತ ತೀರ್ಮಾನಿಸುವುದು ಸಾಮಾನ್ಯವಾಗಿ ಮೂರನೆಯದು. ಬೀದಿಯಲ್ಲಿ ಜನ ಓಡಾಡುತ್ತಿರುವುದು, ಅಂಗಡಿ ತೆರೆದಿರುವುದು, ದೀಪ ಉರಿಯುತ್ತಿರುವುದು ಈ ಭಯವನ್ನು ತಗ್ಗಿಸುತ್ತವೆ. ಆ ಮಟ್ಟಿಗೆ ಹಳೆಯ ಬೀದಿಗೆ ಒಂದು ಅಂಕ ಜಾಸ್ತಿ.

ಈಗ ಎಚ್ಚರಿಕೆಯ ಮಾತು. ಸುತ್ತಮುತ್ತಲಿನ ಜಾಗ ಎಲ್ಲವನ್ನೂ ಮಾಡಿಬಿಡುತ್ತದೆ ಅಂತ ನಾನು ಹೇಳುತ್ತಿಲ್ಲ. 2012ರ ಒಲಿಂಪಿಕ್ಸ್‌ಗೆ ಪೂರ್ವ ಲಂಡನ್ನಿನಲ್ಲಿ ಎಷ್ಟೊಂದು ಕಟ್ಟಿದರು ನೋಡಿ. ಈಜುಕೊಳ, ಪಾರ್ಕ್, ಸೈಕಲ್ ದಾರಿ, ಮನೆಗಳು. ಸಂಶೋಧಕರು ಅಲ್ಲಿನ ಶಾಲಾ ಮಕ್ಕಳನ್ನು ಆಟಗಳ ಮೊದಲು ಮತ್ತು ನಂತರ ಹಿಂಬಾಲಿಸಿ ನೋಡಿದರು. ಅಕ್ಕಪಕ್ಕದ ಪ್ರದೇಶಗಳ ಮಕ್ಕಳಿಗಿಂತ ಅವರ ಚಟುವಟಿಕೆ ಹೆಚ್ಚಿತು ಅನ್ನುವುದಕ್ಕೆ ಹೇಳಿಕೊಳ್ಳುವಂಥ ಪುರಾವೆ ಸಿಗಲಿಲ್ಲ. ಕಟ್ಟಡ ಕಟ್ಟಿದ ಮಾತ್ರಕ್ಕೆ ಮಕ್ಕಳ ದಿನಚರಿ ಬದಲಾಗುವುದಿಲ್ಲ.

ಇನ್ನೊಂದು ಅನುಮಾನವನ್ನೂ ನೀವು ಕೇಳಬಹುದು. ನಡೆಯಲು ಇಷ್ಟ ಇರುವ ಮನೆಯವರೇ ನಡೆಯಲು ಅನುಕೂಲ ಇರುವ ಕಡೆ ಮನೆ ಮಾಡುತ್ತಾರೆ, ಹಾಗಿರುವಾಗ ಹೆಚ್ಚು ನಡೆಸುವುದು ಬೀದಿಯಾ, ಮನೆಯವರ ಗುಣವಾ? ಈ ಪ್ರಶ್ನೆ ಬಹಳ ವರ್ಷ ಸಂಶೋಧಕರನ್ನು ಕಾಡಿತು. 2025ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಅಮೆರಿಕದಲ್ಲಿ ಊರು ಬದಲಾಯಿಸಿದ ಸಾವಿರಾರು ಜನರ ಹೆಜ್ಜೆಗಳನ್ನು, ಹೋಗುವ ಮೊದಲು ಮತ್ತು ಹೋದ ಮೇಲೆ, ಹೋಲಿಸಿತು. ನಡೆಯಲು ಕಷ್ಟ ಇದ್ದ ಊರಿಂದ ಅನುಕೂಲ ಇರುವ ಊರಿಗೆ ಹೋದವರು ದಿನಕ್ಕೆ ಸುಮಾರು 1,100 ಹೆಜ್ಜೆ ಹೆಚ್ಚು ಹಾಕಿದರು. ವ್ಯಕ್ತಿ ಅದೇ, ಊರು ಬೇರೆ. ಇದು ಬಹುಪಾಲು ದೊಡ್ಡವರ ಲೆಕ್ಕ ಅನ್ನುವುದು ನೆನಪಿರಲಿ. 10 ದೇಶಗಳ 14 ನಗರಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲೂ, ಎಲ್ಲಕ್ಕಿಂತ ಅನುಕೂಲದ ಮತ್ತು ಎಲ್ಲಕ್ಕಿಂತ ಅನನುಕೂಲದ ಬಡಾವಣೆಗಳ ನಡುವೆ ದೊಡ್ಡವರ ಚಟುವಟಿಕೆಯಲ್ಲಿ ವಾರಕ್ಕೆ 68ರಿಂದ 89 ನಿಮಿಷದ ವ್ಯತ್ಯಾಸ ಕಂಡಿತು. ಪವಾಡ ಅಲ್ಲ. ಆದರೆ ವಾರ ವಾರವೂ, ಯಾರ ಒತ್ತಾಯವೂ ಇಲ್ಲದೆ ಸಿಗುವ ನಿಮಿಷಗಳು ಅವು.

ಜಾಗ ಬದಲಾಗುವುದೇ ಇಲ್ಲ ಅಂತ ಕೈಚೆಲ್ಲಿ ಕೂರುವವರಿಗೆ ನಾನು ನೆದರ್‌ಲ್ಯಾಂಡ್ಸ್ ಕಥೆ ಹೇಳುತ್ತೇನೆ. 1971ರಲ್ಲಿ ಅಲ್ಲಿ ಸುಮಾರು 3,300 ಮಂದಿ ರಸ್ತೆಯಲ್ಲಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆ ತಾಯಿ ಬೀದಿಗಿಳಿದು ಹೋರಾಡಿದರು. ಇವತ್ತು ಅಲ್ಲಿ ಹೈಸ್ಕೂಲ್ ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಹೋಗುವುದು ಸಾಮಾನ್ಯ ಸಂಗತಿ. ಅದು ಅವರ ರಕ್ತದಲ್ಲಿ ಬಂದ ಗುಣ ಅಲ್ಲ, ಕೇಳಿ ಪಡೆದ ರಸ್ತೆ.

ನಿಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಬೇರೆಲ್ಲ ಸಮ ಇದ್ದರೆ ನಾನು ಹಳೆಯ ಬೀದಿಯ ಮನೆಯನ್ನೇ ಆರಿಸಿಕೊಳ್ಳುತ್ತೇನೆ, ಒಂದು ಷರತ್ತಿನ ಮೇಲೆ. ಶಾಲೆ ಎರಡು ಕಿಲೋಮೀಟರ್ ಒಳಗಿರಬೇಕು, ದಾರಿಯಲ್ಲಿ ಓಡಿ ದಾಟಬೇಕಾದ ರಸ್ತೆ ಇರಬಾರದು. ಆ ಷರತ್ತು ಈಡೇರದಿದ್ದರೆ ಜನಸಂಚಾರದಿಂದ ಬರುವ ಲಾಭವೆಲ್ಲ ವಾಹನಸಂಚಾರದಲ್ಲಿ ಹೋಗಿಬಿಡುತ್ತದೆ. ಹೊಸ ಬಡಾವಣೆಗೆ ಎರಡು ಮೂರು ಕಡೆ ನಡೆದು ಹೋಗುವ ಬಾಗಿಲುಗಳಿದ್ದು, ಮಗಳ ಓರಗೆಯ ಮಕ್ಕಳು ಅಲ್ಲೇ ಇದ್ದು, ಬಸ್ ಸ್ಟಾಪ್ ಹತ್ತಿರ ಇದ್ದರೆ ಲೆಕ್ಕ ಬದಲಾಗುತ್ತದೆ.

ಮನೆ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಶಾಲೆಯಿಂದ ವಾಪಸ್ ಬರುವ ದಾರಿಯನ್ನಾದರೂ, ಗೆಳತಿಯೊಬ್ಬಳ ಜೊತೆ, ವಾರಕ್ಕೆ ಎರಡು ದಿನ ನಡೆಯಲು ಬಿಡಿ. ಬೆಳಿಗ್ಗೆ ಅವಸರ ಇರುತ್ತದೆ, ಸಂಜೆ ಶುರು ಮಾಡುವುದು ಸುಲಭ. ಎಲ್ಲಿಯವರೆಗೆ ಕೇಳದೆ ಹೋಗಬಹುದು ಅನ್ನುವುದನ್ನು ಇಬ್ಬರೂ ಕೂತು ಮಾತಾಡಿ ಗೊತ್ತು ಮಾಡಿಕೊಳ್ಳಿ, ಪ್ರತಿ ಕೆಲವು ತಿಂಗಳಿಗೊಮ್ಮೆ ಅದನ್ನು ಸ್ವಲ್ಪ ದೂರಕ್ಕೆ ಚಾಚಿ. ಮಗನಿಗೆ ಕೊಟ್ಟ ಮಿತಿ ಎಷ್ಟು, ಮಗಳಿಗೆ ಕೊಟ್ಟದ್ದು ಎಷ್ಟು ಅಂತ ಒಮ್ಮೆ ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಪಾರ್ಕಿಗೆ ಯಾಕೆ ಹೋಗಲ್ಲ ಅಂತ ಕೇಳಬೇಡಿ. ಅಲ್ಲಿ ಏನಿದ್ದರೆ ಹೋಗುತ್ತಿದ್ದೆ ಅಂತ ಕೇಳಿ. ಅವಳು ಹೇಳುವ ಉತ್ತರವನ್ನು, ದೀಪ ಇರಲಿ, ಎರಡನೇ ಬಾಗಿಲು ಇರಲಿ, ಕೂತು ಮಾತಾಡುವ ಜಾಗ ಇರಲಿ, ಬರೆದು ಪಾರ್ಕ್ ನೋಡಿಕೊಳ್ಳುವವರಿಗೆ ಕೊಡಿ. ಅಕ್ಕಪಕ್ಕದ ನಾಲ್ಕು ಮನೆಯವರ ಸಹಿ ಇದ್ದರೆ ಇನ್ನೂ ಒಳ್ಳೆಯದು. ಪಾರ್ಕ್‌ನ ಬಗ್ಗೆ ಹದಿಹರೆಯದ ಹುಡುಗಿಯರನ್ನು ಕೇಳುವವರು ತೀರಾ ಕಡಿಮೆ.

ಎರಡೂ ಮನೆಗಳನ್ನು ನೋಡಲು ಹೋದಾಗ ಮಗಳನ್ನು ಕರೆದುಕೊಂಡು ಹೋಗಿ. ಮನೆಯೊಳಗೆ ನೋಡಿ ಮುಗಿದ ಮೇಲೆ, ಶಾಲೆಯ ಕಡೆಗೋ ಬಸ್ ಸ್ಟಾಪ್ ಕಡೆಗೋ ಅವಳು ಮುಂದೆ ನಡೆಯಲಿ, ನೀವು ಹತ್ತು ಹೆಜ್ಜೆ ಹಿಂದೆ ಇರಿ, ಮಾತಾಡಬೇಡಿ. ಎಲ್ಲಿ ಹೆಜ್ಜೆ ನಿಧಾನವಾಗುತ್ತದೆ, ಎಲ್ಲಿ ಹಿಂತಿರುಗಿ ನಿಮ್ಮ ಮುಖ ನೋಡುತ್ತಾಳೆ, ಯಾವ ಕಡೆ ಹೋಗದೆ ಸುತ್ತು ಹಾಕುತ್ತಾಳೆ ಅನ್ನುವುದನ್ನು ಗಮನಿಸಿ. ಮಗನನ್ನೂ ಬೇರೆಯಾಗಿ ಕರೆದೊಯ್ದು ಹೀಗೇ ನೋಡಿ. ಇಬ್ಬರ ಅಭಿಪ್ರಾಯ ಬೇರೆಯಾದರೆ ಮಗಳ ಮಾತಿಗೆ ಹೆಚ್ಚು ತೂಕ ಕೊಡಿ. ಅವಳಿಗೆ ಹೊಂದುವ ಬೀದಿ ಅವನಿಗೆ ಹೇಗೂ ಹೊಂದುತ್ತದೆ. ಹಗಲು ಒಮ್ಮೆ, ದೀಪ ಹತ್ತಿದ ಮೇಲೆ ಒಮ್ಮೆ ನಡೆದು ನೋಡದೆ ಮುಂಗಡ ಕೊಡಬೇಡಿ.